ವಿಮಾನವೂ ಬೇಕು, ಎಂ.ಎ.ಯೂ ಬೇಕು

ನಮ್ಮ ಜನಕ್ಕೆ ಪದವಿಯ ಮೇಲಿರುವ ಮೋಹ ಹೊಸದೇನಲ್ಲ. ಆದರೆ ಆ ಮೋಹ ಈಗ ಒಂದು ವಿಚಿತ್ರವಾದ ಘಟ್ಟವನ್ನು ಮುಟ್ಟಿದೆ. ಒಂದು ಪದವಿ ಸಾಲದು, ಎರಡಿರಬೇಕು. ಒಂದರ ಹಿಂದೆ ಒಂದನ್ನು ಪಡೆಯುವಷ್ಟು ತಾಳ್ಮೆ ಇಲ್ಲ, ಒಟ್ಟಿಗೇ ಆಗಬೇಕು. ಅದೂ ಹುಡುಗ ದೂರದಲ್ಲೆಲ್ಲೋ ಬೇರೊಂದು ಕೆಲಸ ಕಲಿಯುತ್ತಿರುವಾಗಲೇ, ಯಾರಿಗೂ ಆಯಾಸವಾಗದಂತೆ ಆಗಿಬಿಡಬೇಕು. 2022ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಏಕಕಾಲದಲ್ಲಿ ಎರಡು ಪದವಿಗಳಿಗೆ ಓದಬಹುದೆಂದು ಸಾರಿದ ಮೇಲಂತೂ ಈ ಮೋಹಕ್ಕೆ ಶಾಸ್ತ್ರದ ಸಮ್ಮತಿಯೂ ದೊರೆತಂತಾಯಿತು. ಎರಡೂ ತರಗತಿಗಳ ವೇಳೆ ಒಂದಕ್ಕೊಂದು ಅಡ್ಡ ಬರಕೂಡದೆಂದು ಆಯೋಗ ಷರತ್ತು ಹಾಕಿದೆ. ಒಂದು ಕಾಲೇಜಿನಲ್ಲಿ, ಇನ್ನೊಂದು ಅಂಚೆಯ ಮೂಲಕವೋ ಗಣಕಯಂತ್ರದ ಮೂಲಕವೋ ಆದರೆ ಆ ಚಿಂತೆಯೂ ಇಲ್ಲ. ಓದುವ ತಲೆ ಮಾತ್ರ ಒಂದೇ ಇರುವುದರಿಂದ ಅಲ್ಲಿ ಒಂದಕ್ಕೊಂದು ಅಡ್ಡ ಬಂದರೆ ಏನು ಮಾಡಬೇಕೆಂಬುದನ್ನು ಯಾವ ಸುತ್ತೋಲೆಯಲ್ಲಿಯೂ ನಾನು ಕಂಡಿಲ್ಲ.

ಬೇರೆಯವರ ವಿಷಯದಲ್ಲಿ ಇದರಿಂದಾಗುವ ಹಾನಿ ದುಡ್ಡಿನದು, ಹೆಚ್ಚೆಂದರೆ ಎರಡು ವರ್ಷದ ಕಾಲದ್ದು. ಅದನ್ನು ನಾವು ಮಾಸ್ತರರು ನೋಡಿ ನೋಡಿ ಒಗ್ಗಿಹೋಗಿದ್ದೇವೆ. ಆದರೆ ವಾಯುಪಡೆಗೆ ಆಯ್ಕೆಯಾಗಿ, ವಿಮಾನ ನಡೆಸುವುದನ್ನು ಕಲಿಯಲು ಹೊರಟಿರುವ ಇಪ್ಪತ್ತೆರಡು ವರ್ಷದ ಹುಡುಗನ ಕೊರಳಿಗೆ ಎಂ.ಎ.ಯನ್ನೋ ಎಂ.ಬಿ.ಎ.ಯನ್ನೋ ಕಟ್ಟಿ ಕಳಿಸುವುದು ಬೇರೆಯೇ ಮಾತು. ಇದು ತಪ್ಪು, ಇದು ನಿಲ್ಲಬೇಕು ಎಂದು ನನ್ನ ವಾದ. ಇದರಲ್ಲಿ ತಂದೆತಾಯಿಗಳ ಪಾಲೆಷ್ಟು, ನಮ್ಮ ವಿದ್ಯಾಲಯಗಳ ಪಾಲೆಷ್ಟು ಎಂಬುದನ್ನೂ ಹೇಳುವೆನು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹುಡುಗರು ನನ್ನ ತರಗತಿಯ ಬೆಂಚುಗಳನ್ನು ತುಂಬುವವರು. ಈ ಕಡೆ 'ಮಿಲ್ಟ್ರಿ' ಎಂದರೆ ಜವಾನನ ನೌಕರಿ ಎಂದೇ ಅರ್ಥ. ಬೆಳಗಿನ ಜಾವದಲ್ಲಿ ರಸ್ತೆಯ ಬದಿಗೆ ಓಡುವ ಹುಡುಗರನ್ನು ಯಾವ ಊರಿಗೆ ಹೋದರೂ ಕಾಣಬಹುದು. ಅವರಲ್ಲಿ ನೂರಕ್ಕೊಬ್ಬನಿಗೂ ಅಧಿಕಾರಿಯಾಗಿ ಸೇರುವ ದಾರಿಯೊಂದಿದೆಯೆಂಬುದು ಗೊತ್ತಿರುವುದಿಲ್ಲ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಸೇನೆಯ ಅಧಿಕಾರಿವರ್ಗದಲ್ಲಿ ಕೆಲವೇ ಪ್ರಾಂತಗಳವರು ತುಂಬಿಕೊಳ್ಳದೆ ಎಲ್ಲ ಕಡೆಯ, ಸಾಮಾನ್ಯ ಮನೆಗಳ ಮಕ್ಕಳೂ ಬರಲೆಂದು ಕೃಷ್ಣ ಮೆನನ್ನರ ಕಾಲದಲ್ಲಿ ಹಾಕಿಕೊಂಡ ಯೋಜನೆ ಅದು. ಆ ಶಾಲೆಯ ಗೇಟಿನ ಮುಂದೆ ಬಸ್ಸಿನಲ್ಲಿ ಹಾದುಹೋಗುವ ನಮ್ಮ ಹಳ್ಳಿಗಳ ಜನಕ್ಕೆ ಅದು ಇನ್ನೂ ದೊಡ್ಡವರ ಮಕ್ಕಳ ಶಾಲೆಯಾಗಿಯೇ ಉಳಿದಿರುವುದು ಬೇರೆ ಕಥೆ. ಅದನ್ನು ಇನ್ನೊಂದು ಸಲ ಬರೆಯಬೇಕು. ಇಂಥ ಸೀಮೆಯಿಂದ ಒಬ್ಬ ಹುಡುಗ ಪದವಿ ಮುಗಿಸಿ, ಪರೀಕ್ಷೆ ಕಟ್ಟಿ, ಮೈಸೂರಿನ ವಾಯುಪಡೆಯ ಆಯ್ಕೆ ಮಂಡಳಿಯ ಮುಂದೆ ದಿನಗಟ್ಟಲೆ ನಡೆಯುವ ಪರಿಶೋಧನೆಯಲ್ಲಿ ನಿಂತು, ವೈಮಾನಿಕನಾಗಲು ತಕ್ಕವನೆನಿಸಿಕೊಂಡು ಬಂದರೆ ಊರೇ ಹಬ್ಬ ಮಾಡಬೇಕು. ಹಬ್ಬವನ್ನೇನೋ ಮಾಡುತ್ತಾರೆ. ಮರುದಿನವೇ ಎಂ.ಎ.ಗೆ ಅರ್ಜಿ ತುಂಬಿಸುತ್ತಾರೆ.

ನಾನು ಕಂಡದ್ದನ್ನೇ ಹೇಳುತ್ತೇನೆ. ಇಂಡಿ ಕಡೆಯ ಲಿಂಬೆಯ ತೋಟದ ಗೌಡರೊಬ್ಬರು ಕಾಲೇಜಿಗೆ ಬಂದರು. ಅವರ ಹಿರಿಯ ಮಗ ನನ್ನ ವಿದ್ಯಾರ್ಥಿ. ವಿಮಾನ ಕಲಿಯಲು ಹೈದರಾಬಾದಿನ ಹತ್ತಿರದ ದುಂಡಿಗಲ್ಲಿಗೆ ಹೊರಟವನು.

“ಸರ, ಹುಡುಗ ಮುಂದಿನ ತಿಂಗಳ ಹೊಂಟಾನ್ರಿ. ಮನೀಗೆ ಕೂತು ಓದೋ ಎಂ.ಎ.ಗೂ ಹೆಸರು ಹಚ್ಚೇನಿ. ಬರದು ಕಳಸೋದೆಲ್ಲಾ ಅವನ ತಮ್ಮ ಬರದು ಕಳಸ್ತಾನ. ಪರೀಕ್ಷಾದ ಹೊತ್ತಿಗೆ ನೀವು ಸ್ವಲ್ಪ ನೋಡ್ಕೊಂಡ್ರ ಆತ್ರಿ.”

“ಗೌಡ್ರ, ನಿಮ್ಮ ಮಗ ವಿಮಾನದಾಗ ಕುಂತಾಗ ಅವನ ಬದಲಿ ತಮ್ಮನ್ನ ಕೂಡಸಲಿಕ್ಕೆ ಬರ್ತದೇನ್ರಿ?”

ಗೌಡರು ನಕ್ಕರು. ಅವರು ಕೆಟ್ಟವರಲ್ಲ. ಬಡತನದಿಂದ ಮೇಲೆದ್ದವರು, ಮಗನ ಮೇಲೆ ಪ್ರಾಣವಿಟ್ಟವರು. ನಗು ನಿಲ್ಲಿಸಿ ಅವರು ಕೇಳಿದ ಪ್ರಶ್ನೆಯೇ ಈ ಲೇಖನದ ಗಂಟು: “ಅಲ್ರಿ ಸರ, ಹದಿನಾಕು ವರ್ಷ ಆದ ಮ್ಯಾಲೆ ಮನೀಗೆ ಕಳಸ್ತಾರಂತ. ನಡುವ ಕಣ್ಣೋ ಬೆನ್ನೋ ಏನರೆ ಆದ್ರ ಮೊದಲ ಇಳಸ್ತಾರಂತ. ಆವಾಗ ಅಂವ ಏನ ಹಿಡೀಬೇಕ್ರಿ?”

ಈ ಪ್ರಶ್ನೆಯನ್ನು ತಳ್ಳಿಹಾಕುವ ಹಾಗಿಲ್ಲ. ಅಲ್ಪಾವಧಿಯ ಕಮಿಷನ್ ಪಡೆದು ವಿಮಾನಶಾಖೆಗೆ ಸೇರಿದವರ ಸೇವೆ ಹದಿನಾಲ್ಕು ವರ್ಷದ್ದು. ಮೂವತ್ತೇಳು ಮೂವತ್ತೆಂಟರ ಪ್ರಾಯದಲ್ಲಿ, ಹೆಂಡತಿ ಮಕ್ಕಳೊಡನೆ ಮನುಷ್ಯ ಮತ್ತೆ ಬೇರೊಂದು ಬಾಳಿನ ಬಾಗಿಲು ತಟ್ಟಬೇಕು. ಹಾರಾಟದ ಅನುಭವವಿದ್ದವರನ್ನು ನಾಗರಿಕ ವಿಮಾನ ಕಂಪನಿಗಳು ಕರೆದುಕೊಳ್ಳುತ್ತವೆಂಬುದು ನಿಜ. ಆದರೆ ವೈದ್ಯರು ಆಕಾಶಕ್ಕೆ ಬೇಡವೆಂದವನನ್ನು ಅವರೂ ಬೇಡವೆನ್ನುತ್ತಾರೆ. ಶಿಕ್ಷಣದ ನಡುವೆಯೇ ಹಾರಾಟದಿಂದ ಇಳಿಸಲ್ಪಟ್ಟವರೂ ಉಂಟು. ತಂದೆಯಾದವನಿಗೆ ಇದೆಲ್ಲ ಕಣ್ಣ ಮುಂದೆ ಬರುತ್ತದೆ. ಆದುದರಿಂದ ಗೌಡರ ಭಯ ಸರಿ. ಅದಕ್ಕೆ ಅವರು ಹುಡುಕಿದ ಔಷಧ ಮಾತ್ರ ಸರಿಯಲ್ಲ.

ಏಕೆಂಬುದನ್ನು ತಿಳಿಯಬೇಕಾದರೆ ದುಂಡಿಗಲ್ಲಿನಲ್ಲಿ ಆ ಹುಡುಗನ ದಿನ ಹೇಗೆ ಕಳೆಯುತ್ತದೆಂಬುದನ್ನು ನೋಡಬೇಕು. ಕತ್ತಲಿರುವಾಗಲೇ ಏಳುವುದು, ಕವಾಯತು, ವ್ಯಾಯಾಮ. ಅನಂತರ ಆ ದಿನದ ಗಾಳಿ, ಮೋಡ, ಹಾರುವ ದಾರಿ ಇವುಗಳ ವಿಚಾರವಾಗಿ ತಿಳಿವಳಿಕೆ. ದಿನದ ಒಂದು ಭಾಗ ಗುರುವಿನೊಡನೆ ವಿಮಾನದಲ್ಲಿ. 2013ರಿಂದ ಈಚೆಗೆ ಮೊದಲ ಪಾಠ ಸ್ವಿಟ್ಜರ್ಲೆಂಡಿನ ಪಿಲಾಟಸ್ ವಿಮಾನದ ಮೇಲೆ ನಡೆಯುತ್ತಿದೆ. ಇನ್ನೊಂದು ಭಾಗ ತರಗತಿಯಲ್ಲಿ: ವಿಮಾನ ಏಕೆ ಹಾರುತ್ತದೆ, ಏಕೆ ಬೀಳುತ್ತದೆ, ಯಂತ್ರದ ಒಳಗೇನಿದೆ, ಹವೆ ಹೇಗೆ ಬದಲಾಗುತ್ತದೆ, ನಕ್ಷೆ ಹಿಡಿದು ದಾರಿ ಕಾಣುವುದು ಹೇಗೆ. ಇಳಿದು ಬಂದ ಮೇಲೆ ಗುರುವು ಒಂದೊಂದು ತಪ್ಪನ್ನೂ ಬಿಡಿಸಿ ಹೇಳುತ್ತಾನೆ. ಸಂಜೆಗೆ ಬಿಡುವಾಯಿತೆಂದು ಹೊರಗಿನವರು ತಿಳಿಯಬಹುದು. ಆ ಸಂಜೆ ಇರುವುದು ನಾಳೆಯ ಹಾರಾಟವನ್ನು ಕುರ್ಚಿಯ ಮೇಲೆ ಕುಳಿತು, ಕಣ್ಣು ಮುಚ್ಚಿ, ಕೈಯಾಡಿಸಿ ಮೊದಲೇ ಮುಗಿಸುವುದಕ್ಕೆ. ಯಂತ್ರ ನಿಂತರೆ ಏನು ಮಾಡಬೇಕು, ಬೆಂಕಿ ಹತ್ತಿದರೆ ಏನು ಮಾಡಬೇಕು ಎಂಬ ಕ್ರಮಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪದೆ ಹೇಳುವಂತಾಗಬೇಕು. ಮೆಟ್ಟಿಲು ಮೆಟ್ಟಿಲಿಗೆ ಪರೀಕ್ಷೆಯಿದೆ. ಒಂದೆರಡು ಸಲ ತಪ್ಪಿದವನ ಹೆಸರು ಪರಿಶೀಲನೆಗೆ ಹೋಗುತ್ತದೆ. ಅಲ್ಲಿಂದ ಅನೇಕರು ಹಿಂದಿರುಗುವುದಿಲ್ಲ.

ಯುದ್ಧವಿಮಾನದ ಶಾಖೆಗೆ ಆಯ್ಕೆಯಾದವರ ಕಲಿಕೆ ಕಮಿಷನ್ನಿನೊಡನೆ ಮುಗಿಯುವುದಿಲ್ಲ. ಭುಜಕ್ಕೆ ಪಟ್ಟಿ ಬಂದ ಮೇಲೆ ಅವರು ನಮ್ಮ ಬೀದರಿಗೆ ಬರುತ್ತಾರೆ. 2008ರಿಂದ ಅಲ್ಲಿ ಹಾಕ್ ಎಂಬ ಜೆಟ್ ವಿಮಾನಗಳ ಮೇಲೆ ಪಾಠ ನಡೆಯುತ್ತಿದೆ. 2016ರ ಜೂನ್ ತಿಂಗಳಲ್ಲಿ ದೇಶದ ಮೊದಲ ಮೂವರು ಯುದ್ಧವೈಮಾನಿಕೆಯರೆಂದು ಹೆಸರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಇವರೂ ಆ ಬೀದರಿನ ಬಿಸಿಲನ್ನು ಉಂಡವರೇ. ಚಿಕ್ಕಮಗಳೂರಿನ ಮೇಘನಾ ಶಾನಭೋಗರು 2018ರಲ್ಲಿ ಅದೇ ಪಂಕ್ತಿಗೆ ಸೇರಿದರು. ಅವರು ಎಂಜಿನಿಯರಿಂಗ್ ಪದವಿಯನ್ನು ಮುಗಿಸಿ ಹೋದವರು. ಮುಗಿಸಿ ಹೋದರು ಎಂಬುದನ್ನು ಓದುಗರು ಗಮನಿಸಬೇಕು.

ಹೊಸ ಅಧಿಕಾರಿಯ ಇಂಥ ದಿನದಲ್ಲಿ ಹಳಗನ್ನಡ ಕಾವ್ಯಕ್ಕೋ ಅರ್ಥಶಾಸ್ತ್ರದ ಸಿದ್ಧಾಂತಕ್ಕೋ ಎಡೆಯೆಲ್ಲಿ? ಎಡೆಯಿದೆ ಎಂದು ವಾದಿಸುವವರು ಹುಡುಗನ ನಿದ್ದೆಯಿಂದ ಕದಿಯಿರಿ ಎಂದು ಹೇಳುತ್ತಿದ್ದಾರೆ. ನಿದ್ದೆಗೆಟ್ಟು ಬಂದ ವಿದ್ಯಾರ್ಥಿ ನನ್ನ ತರಗತಿಯಲ್ಲಿ ತೂಕಡಿಸಿದರೆ ಪಂಪನಿಗೇನೂ ಆಗುವುದಿಲ್ಲ. ಪರೀಕ್ಷೆಯ ತಾರೀಖುಗಳಾದರೋ ವಿದ್ಯಾಲಯದ ಇಷ್ಟದಂತೆ ಬರುತ್ತವೆ, ಮುಂದಕ್ಕೆ ಹೋಗುತ್ತವೆ, ಎಂ.ಎ. ಪರೀಕ್ಷೆಗೆಂದು ಅಕಾಡೆಮಿ ರಜೆ ಕೊಟ್ಟು ಕಳಿಸುತ್ತದೆಂದು ನಂಬಿ ಶುಲ್ಕ ಕಟ್ಟುವವರ ಸರಳತನಕ್ಕೆ ಏನೆನ್ನಲಿ? ಕೊನೆಗೆ ಉಳಿಯುವ ದಾರಿ ತಮ್ಮನ ಕೈಬರಹದ್ದು. ನಾಳೆ ರಾಷ್ಟ್ರಪತಿಗಳ ಹೆಸರಿನಲ್ಲಿ ಕಮಿಷನ್ ಪಡೆಯಬೇಕಾದವನು ಇಂದು ಇನ್ನೊಬ್ಬ ಬರೆದದ್ದಕ್ಕೆ ತನ್ನ ಸಹಿ ಹಾಕುತ್ತಾನೆ. ಅದು ಬಯಲಾದರೆ ಹೋಗುವುದು ಎಂ.ಎ. ಮಾತ್ರವಲ್ಲ. ಮನೆಯವರು ರಕ್ಷೆಯೆಂದು ಕಟ್ಟಿದ ದಾರ ಅವನ ಕೊರಳನ್ನೇ ಬಿಗಿಯಬಹುದು.

ಇಷ್ಟು ಹೇಳಿದೊಡನೆ ಎದುರಾಡುವವರು ಪತ್ರಿಕೆಯ ತುಣುಕುಗಳನ್ನು ತೆಗೆಯುತ್ತಾರೆ. 2024ರ ಜನವರಿಯಲ್ಲಿ ಅಮೆರಿಕದ ಸುಂದರಿಯೆಂಬ ಕಿರೀಟವನ್ನು ಪಡೆದ ಮ್ಯಾಡಿಸನ್ ಮಾರ್ಷ್ ಎಂಬಾಕೆ ಅಲ್ಲಿನ ವಾಯುಪಡೆಯ ಹೊಸ ಅಧಿಕಾರಿ, ವಿಮಾನ ಹಾರಿಸಬಲ್ಲವಳು, ಹಾರ್ವರ್ಡಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೂ ಹೌದು. ಅಗೋ, ಆಕೆಗೆ ಆದದ್ದು ನಮ್ಮ ಹುಡುಗನಿಗೇಕೆ ಆಗಬಾರದು? ಆದರೆ ಆಗ ಆಕೆ ಸೇನೆಯ ವೈಮಾನಿಕ ಶಿಕ್ಷಣದಲ್ಲಿ ಇರಲಿಲ್ಲ. ಓದಲು ಆಕೆಯನ್ನು ಬಿಟ್ಟುಕೊಟ್ಟದ್ದು ಆಕೆಯ ವಾಯುಪಡೆಯೇ. ಆ ಕಾಲದಲ್ಲಿ ಓದುವುದೇ ಆಕೆಯ ಕರ್ತವ್ಯ. ಚಂದ್ರನ ಮೇಲೆ ಎರಡನೆಯವನಾಗಿ ಕಾಲಿಟ್ಟ ಬಜ್ ಆಲ್ಡ್ರಿನ್‌ನ ಹೆಸರನ್ನೂ ಹೇಳುತ್ತಾರೆ. ಆತ 1951ರಲ್ಲಿ ಸೇನೆಯ ಕಾಲೇಜಿನಿಂದ ಹೊರಬಿದ್ದು, ಹಾರಲು ಕಲಿತು, ಕೊರಿಯಾದಲ್ಲಿ 66 ಸಲ ಯುದ್ಧಕ್ಕೆ ಹಾರಿ, ಅದಾದ ಎಷ್ಟೋ ವರ್ಷಗಳ ಮೇಲೆ ಎಂ.ಐ.ಟಿ.ಗೆ ಹೋಗಿ ಓದಿ, 1963ರಲ್ಲಿ ಡಾಕ್ಟರನಾದ. ಬಾಹ್ಯಾಕಾಶದಲ್ಲಿ ಎರಡು ನೌಕೆಗಳು ಒಂದನ್ನೊಂದು ಸಂಧಿಸುವುದು ಹೇಗೆಂಬುದು ಅವನ ಪ್ರಬಂಧದ ವಿಷಯ. ಹಾರಾಟ ಗೊತ್ತಿದ್ದವನಿಗಲ್ಲದೆ ಅಂಥ ಪ್ರಶ್ನೆ ಹಾಗೆ ಹೊಳೆಯುವುದು ಕಷ್ಟ.

ನಮ್ಮಲ್ಲಿಯೇ ಶುಭಾಂಶು ಶುಕ್ಲರಿಲ್ಲವೆ? 2025ರ ಜೂನ್ 25ರಂದು ಹೊರಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು, ಜುಲೈ 15ರಂದು ಭೂಮಿಗೆ ಮರಳಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಟೆಕ್. ಅವರದು. ಆದರೆ ಅವರು ವಾಯುಪಡೆಯ ಕಮಿಷನ್ ಪಡೆದದ್ದು 2006ರಲ್ಲಿ. ಎಂ.ಟೆಕ್. ಬಂದದ್ದು, ಹತ್ತಾರು ವರ್ಷ ಹಾರಿ, ವಿಮಾನ ಪರೀಕ್ಷಕರಾಗಿ, ಗಗನಯಾನಕ್ಕೆ ಆಯ್ಕೆಯಾದ ಮೇಲೆ. ಆ ಓದನ್ನು ಅವರು ಗಗನಯಾತ್ರೆಯ ತರಬೇತಿಯ ಜೊತೆಗೇ ಮಾಡಿದರಲ್ಲ ಎಂದು ಯಾರಾದರೂ ಕೇಳಿದರೆ, ಹೌದು, ಮಾಡಿದರು. ಆ ಓದು ಆ ತರಬೇತಿಗಾಗಿಯೇ ಇದ್ದದ್ದು. ಒಂದರ ಪಾಠ ಇನ್ನೊಂದಕ್ಕೆ ಬೇಕಾಗಿತ್ತು.

ನನ್ನ ವಾದದ ಕೀಲು ಇಲ್ಲಿದೆ. ಓದನ್ನೂ ಶಸ್ತ್ರವನ್ನೂ ಜೊತೆಗೆ ಕಲಿಸಲು ಬರುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಮಾಡುತ್ತಿರುವುದು ಅದನ್ನೇ. ಮೂರು ವರ್ಷ ಕವಾಯತು ಮಾಡಿದ ಹುಡುಗ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಪದವಿಯನ್ನೂ ಕೈಯಲ್ಲಿ ಹಿಡಿದು ಬರುತ್ತಾನೆ. 2022ರಿಂದ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆದಿದೆ. ನಡುವಯಸ್ಸಿನಲ್ಲಿ ವೆಲಿಂಗ್ಟನ್ನಿನ ಕಾಲೇಜಿಗೆ ಹೋದ ಅಧಿಕಾರಿಗಳು ಮದರಾಸು ವಿಶ್ವವಿದ್ಯಾನಿಲಯದ ಎಂ.ಎಸ್ಸಿ. ಪಡೆಯುತ್ತಾರೆ. ಅಲ್ಲೆಲ್ಲ ಎತ್ತುಗಳೆರಡಾದರೂ ನೊಗ ಒಂದೇ, ಹಿಡಿದು ನಡೆಸುವ ಕೈ ಒಂದೇ. ಯಾವ ಹೊತ್ತಿಗೆ ಯಾವುದನ್ನು ಬಿಗಿಯಬೇಕು, ಯಾವುದನ್ನು ಸಡಿಲಿಸಬೇಕೆಂದು ಆ ಕೈಗೆ ಗೊತ್ತು. ನಮ್ಮ ಗೌಡರು ಮಾಡಹೊರಟಿರುವುದು ಒಂದು ಎತ್ತನ್ನು ದುಂಡಿಗಲ್ಲಿನ ನೊಗಕ್ಕೆ, ಇನ್ನೊಂದನ್ನು ಯಾವುದೋ ವಿದ್ಯಾಲಯದ ನೊಗಕ್ಕೆ ಕಟ್ಟಿ, ನಡುವಿನ ಹಗ್ಗವನ್ನು ಮಗನ ಸೊಂಟಕ್ಕೆ ಬಿಗಿಯುವುದನ್ನು.

ಹಾಗಾದರೆ ಎಂ.ಎ. ಮುಗಿಸಿಯೇ ಹೋಗಲಿ ಎನ್ನುವವರೂ ಇದ್ದಾರೆ. ಅವರು ವಯಸ್ಸಿನ ಲೆಕ್ಕವನ್ನು ಮರೆತಿದ್ದಾರೆ. ವಿಮಾನಶಾಖೆಗೆ ಸೇರುವವನ ಪ್ರಾಯ ಇಪ್ಪತ್ತರಿಂದ ಇಪ್ಪತ್ತನಾಲ್ಕರೊಳಗಿರಬೇಕು. ವಾಣಿಜ್ಯ ವೈಮಾನಿಕನ ಪರವಾನಗಿ ಇದ್ದವನಿಗೆ ಮಾತ್ರ ಇಪ್ಪತ್ತಾರರವರೆಗೆ ರಿಯಾಯತಿ. ಇಪ್ಪತ್ತೊಂದಕ್ಕೆ ಬಿ.ಎ., ಇಪ್ಪತ್ತಮೂರಕ್ಕೆ ಎಂ.ಎ.; ನಮ್ಮ ವಿದ್ಯಾಲಯಗಳು ಫಲಿತಾಂಶ ಕೊಡುವ ವೇಗದಲ್ಲಿ ಅದು ಇಪ್ಪತ್ತನಾಲ್ಕೂ ಆದೀತು. ಹಿಂಗಾರಿ ಜೋಳಕ್ಕೆ ಹದ ನೋಡಿ ಬಿತ್ತುವ ರೈತನಿಗೆ ನಾನು ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರೆಯ ಹಸಿ ಆರಿದ ಮೇಲೆ ಕೂರಿಗೆ ಹೂಡಿ ಏನು ಫಲ? ಸಾಲದ್ದಕ್ಕೆ ವೈಮಾನಿಕನಾಗುವ ಸಹಜ ಯೋಗ್ಯತೆ ಇದೆಯೇ ಎಂದು ಅಳೆಯುವ ಯಂತ್ರಪರೀಕ್ಷೆಯೊಂದಿದೆ. ಅದಕ್ಕೆ ಮನುಷ್ಯ ತನ್ನ ಜೀವಮಾನದಲ್ಲಿ ಒಂದೇ ಸಲ ಕೂಡಬಹುದು. ಎಂ.ಎ. ಪರೀಕ್ಷೆಗಾದರೆ ನಮ್ಮಲ್ಲಿ ಎಷ್ಟು ಸಲ ಬೇಕಾದರೂ ಕಟ್ಟಬಹುದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಎರಡರಲ್ಲಿ ಕಾಯಬಲ್ಲದ್ದು ಯಾವುದು, ಕಾಯಲಾರದ್ದು ಯಾವುದು?

ಕಾಯಬಲ್ಲದ್ದು ವಿದ್ಯಾಲಯ. ಅದು ಮಾತ್ರ ಕಾಯಲೊಲ್ಲದು. ತಂದೆತಾಯಿಗಳಿಗಿಂತ ಹೆಚ್ಚಿನ ತಪ್ಪನ್ನು ನಾನು ನನ್ನ ಕಸುಬಿನವರ ಮೇಲೆಯೇ ಹೊರಿಸುವುದು ಇದಕ್ಕಾಗಿ. ಅದೇ ಹುಡುಗನಿಗೆ ಒಂದು ವಿದ್ಯಾಲಯದಲ್ಲಿ ತರಗತಿಗೆ ಹೋಗಿ ಓದುವ ಎಂ.ಎ.ಗೂ ಸ್ಥಳ ಸಿಕ್ಕಿತ್ತು, ಒಳ್ಳೆಯ ಅಂಕಗಳ ಬಲದಿಂದ. ಸೇನೆಗೆ ಹೋಗುತ್ತಿದ್ದೇನೆ, ಕೆಲವು ವರ್ಷಗಳ ಮೇಲೆ ಬಂದು ಓದುತ್ತೇನೆ, ಅಲ್ಲಿಯವರೆಗೆ ನನ್ನ ಸ್ಥಾನವನ್ನು ಉಳಿಸಿಕೊಡುವಿರಾ ಎಂದು ಅವನು ಬರೆದು ಕೇಳಿದ. ಗೊತ್ತಾದ ದಿನದೊಳಗೆ ಶುಲ್ಕ ಕಟ್ಟಿ ಹಾಜರಾಗದಿದ್ದರೆ ಪ್ರವೇಶ ರದ್ದು ಎಂಬ ಒಂದು ಸಾಲಿನ ಉತ್ತರ ಬಂತು. ದೇಶಕ್ಕಾಗಿ ಹೋಗುವವನಿಗೆ ವೇದಿಕೆಯ ಮೇಲೆ ಶಾಲು ಹೊದಿಸಲು ನಾವು ಸಿದ್ಧ, ಕುರ್ಚಿಯೊಂದನ್ನು ಕಾಯ್ದಿರಿಸಲು ಸಿದ್ಧರಿಲ್ಲ. ಆದರೆ ಅದೇ ಹುಡುಗ ಅಂಚೆಯ ಎಂ.ಎ.ಗೆ ಹಣ ಕಟ್ಟಲು ಬಂದರೆ, ನೀನು ಎಲ್ಲಿರುವೆ, ಏನು ಮಾಡುತ್ತಿರುವೆ, ಓದಲು ನಿನಗೆ ಹೊತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ದೂರಶಿಕ್ಷಣವನ್ನು ನಾನು ಹಳಿಯುತ್ತಿಲ್ಲ. ಹೊಲಗೆಲಸ ಮಾಡುತ್ತ, ಮಕ್ಕಳನ್ನು ಸಾಕುತ್ತ, ರಾತ್ರಿ ದೀಪದ ಮುಂದೆ ನಿಜವಾಗಿ ಓದಿ ಎಂ.ಎ. ಆದ ಹೆಣ್ಣುಮಕ್ಕಳನ್ನು ಬಾಗೇವಾಡಿಯಲ್ಲಿಯೂ ಮುದ್ದೇಬಿಹಾಳದಲ್ಲಿಯೂ ಬಲ್ಲೆ. ಅವರ ಉತ್ತರಪತ್ರಿಕೆಗಳನ್ನು ತಿದ್ದುವುದು ಒಂದು ಸಂತೋಷ. ಓದದೆ ಇರುವವನಿಂದಲೂ ಹಣ ತೆಗೆದುಕೊಳ್ಳಲು ಹಿಂಜರಿಯದ ವ್ಯವಸ್ಥೆಯನ್ನು ಹಳಿಯುತ್ತಿದ್ದೇನೆ.

ಇನ್ನು ಕೆಲವರು ನನ್ನ ಪಕ್ಷಕ್ಕೆ ಬಂದು ನಿಂತು ನನಗೆ ಮುಜುಗರ ತರುವವರಿದ್ದಾರೆ. ಸೈನಿಕನಿಗೆ ಎಂ.ಎ. ಏಕೆ, ಬಂದೂಕು ಹಿಡಿದವನಿಗೆ ಪುಸ್ತಕವೇಕೆ ಎಂಬುದು ಅವರ ಮತ. ಅವರ ಸಹವಾಸ ನನಗೆ ಬೇಡ. ಆಕಾಶದಲ್ಲಿ ಹದಿನಾಲ್ಕು ವರ್ಷ ಕಳೆದವನೊಬ್ಬ ನನ್ನ ತರಗತಿಯಲ್ಲಿ ಕುಳಿತು ಕುಮಾರವ್ಯಾಸನ ಯುದ್ಧವರ್ಣನೆಯನ್ನು ಓದುವನೆಂದರೆ ನಾನು ಅವನಿಂದ ಕಲಿಯುವುದೇ ಹೆಚ್ಚಾದೀತು. ಒಂದು ಕಸುಬಿನಲ್ಲಿದ್ದು ಇನ್ನೊಂದು ವಿದ್ಯೆಯಲ್ಲಿ ದೊಡ್ಡವರಾದವರು ನಮ್ಮ ಜಿಲ್ಲೆಗೆ ಹೊಸಬರಲ್ಲ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದವರು. ಊರೂರು ಅಲೆದು ವಚನಗಳ ತಾಡೋಲೆಗಳನ್ನು ಕೂಡಿಸಿ, 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಹೊರಡಿಸಿದರು. ಇಂಡಿಯ ಸೀಮೆಯ ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಮಾಸ್ತರರು. ಮಧುರಚೆನ್ನರ ಹಲಸಂಗಿ ಗೆಳೆಯರೊಡನೆ ಸೇರಿ ಅವರು ಹೆಂಗಸರ ಬೀಸುವ ಕಲ್ಲಿನ ಪದಗಳನ್ನು ಬರೆದಿಟ್ಟುಕೊಂಡಿರದಿದ್ದರೆ ನಾವಿಂದು ಜಾನಪದದ ಪಾಠ ಹೇಳುವಾಗ ಕೈ ಬರಿದಾಗಿರುತ್ತಿತ್ತು. ಇವರ ಹೆಸರನ್ನು ನನ್ನ ಎದುರಾಳಿಗಳು ಬಳಸಿಕೊಳ್ಳಬಹುದು: ನೋಡಿ, ಎರಡು ಕೆಲಸ ಮಾಡಿದರಲ್ಲ! ಮಾಡಿದರು. ಕಸುಬು ಕೈಗೆ ಕೂತ ಮೇಲೆ, ಯಾವ ಪ್ರಮಾಣಪತ್ರಕ್ಕೂ ಆಸೆಪಡದೆ, ತಮ್ಮ ಕೈಯಿಂದಲೇ ಬರೆದರು.

ಆದುದರಿಂದ ಕೇಳಬೇಕಾದದ್ದನ್ನು ಕೇಳೋಣ. ಸೇನೆಗೆ ಆಯ್ಕೆಯಾಗಿ ಹೋಗುವ ಪದವೀಧರನು ಎಂ.ಎ., ಎಂ.ಎಸ್ಸಿ.ಗೆ ಅರ್ಹತೆ ಗಳಿಸಿದ್ದರೆ ಆ ಅರ್ಹತೆ ಅವನ ಸೇವೆ ಮುಗಿಯುವವರೆಗೂ ಸಾಯಕೂಡದು. ಐದು ವರ್ಷಕ್ಕೆ ಬಂದರೂ, ಗಾಯಗೊಂಡು ಒಂದೇ ವರ್ಷಕ್ಕೆ ಬಂದರೂ, ಹದಿನಾಲ್ಕು ವರ್ಷ ಮುಗಿಸಿ ಬಂದರೂ ಪುನಃ ಪ್ರವೇಶಪರೀಕ್ಷೆಯಿಲ್ಲದೆ ಅವನಿಗೆ ತರಗತಿಯಲ್ಲಿ ಸ್ಥಳ ಸಿಗಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ. ನಮ್ಮ ಕಡೆಯಿಂದ ವರ್ಷಕ್ಕೆ ಇಂಥ ಹುಡುಗರು ಎಷ್ಟು ಮಂದಿ ಹೋದಾರು? ಒಂದು ಕೈಯ ಬೆರಳು ಹೆಚ್ಚಾದಾವು. ಅಷ್ಟು ಖಚಿತವಾಗಿ ಬರೆದುಕೊಟ್ಟ ಕಾಗದವೊಂದು ಗೌಡರ ಕೈಯಲ್ಲಿದ್ದರೆ ಅವರು ತಮ್ಮನಿಂದ ಬರೆಯಿಸುವ ಎಂ.ಎ.ಗೆ ಹಣ ಕಟ್ಟುತ್ತಿದ್ದರೆಂದು ನನಗೆ ತೋರುವುದಿಲ್ಲ. ಅವರಿಗೆ ಬೇಕಾದದ್ದು ಮಗನಿಗೊಂದು ನೆಲೆ. ನಾವು ಮಾರುತ್ತಿರುವುದು ಕಾಗದ.

ಸಮೀಪದ ವಿದ್ಯಾಲಯವೊಂದರ ಅಧಿಕಾರಿಗಳ ಮುಂದೆ ಈ ಸೂಚನೆಯನ್ನು ನಾನು ಬಾಯಿಮಾತಿನಲ್ಲಿ ಇಟ್ಟು ನೋಡಿದೆ. ನಿಯಮದಲ್ಲಿ ಅವಕಾಶವಿಲ್ಲ ಎಂದರು. ನಿಯಮವನ್ನು ಮಾಡುವವರು ಯಾರು ಎಂದೆ. ವಿದ್ಯಾವಿಷಯಕ ಪರಿಷತ್ತು ಎಂದರು. ಪರಿಷತ್ತಿನಲ್ಲಿ ಕೂಡುವವರು ನಮ್ಮಂಥ ಅಧ್ಯಾಪಕರೇ. ಮುಂದಿನ ಪ್ರವೇಶದ ಪ್ರಕಟಣೆ ಹೊರಡುವ ಮುಂಚೆ ಪರಿಷತ್ತಿನ ಸಭೆಯೊಂದು ಸೇರಲೇಬೇಕಷ್ಟೆ. ಮನವಿಯನ್ನು ಈ ಸಲ ಬರೆದೇ ಕಳಿಸುತ್ತಿದ್ದೇನೆ. ಗೌಡರ ಕಿರಿಯ ಮಗನಿಗೆ ಅದರ ಪ್ರತಿ ಮಾಡಿಕೊಡಲು ಹೇಳಿದ್ದೇನೆ. ಅವನ ಅಕ್ಷರ ಚೆನ್ನಾಗಿದೆ.